ಅಪ್ಪನ ಕುಂಟು ಪೇಟಿ

ಕೊಟ್ಟೂರು
ಗುರುವಾರ, 19 ಜೂನ್ 2025

ಅಕ್ಕ ಗೀತಮ್ಮನಿಗೆ ತಂಗಿ ಎರ್ರಮ್ಮನ ಶರಣು.

ಗುರು ಕೊಟ್ಟೂರೇಶ್ವರನ ದಯೆಯಿಂದ ಇಲ್ಲಿ ಉಂಡು ತಿಂದು ಸುಖವಾಗಿದ್ದೇವೆ. ಇಟ್ಟಿಗಿಯಲ್ಲಿ ನೀನು, ನಿನ್ನ ಮಗ ಗವಿಸಿದ್ದೇಶ, ಸೊಸೆ ಗೀತಾಂಜಲಿ ಹಾಗೆಯೇ ಇದ್ದೀರಿ ಎಂದು ತಿಳಿದು ಬರೆಯುತ್ತಿದ್ದೇನೆ.

ಇವತ್ತು ನಮ್ಮ ಮನೆಯಲ್ಲಿ ಸದ್ದಿಲ್ಲ. ಓಣಿಯ ಟ್ರಾನ್ಸ್‌ಫಾರ್ಮರ್ ನಿನ್ನೆ ಸಂಜೆ ಢಬ್ ಎಂದು ಸುಟ್ಟಿತು. ಹೊಸದು ಬರುವುದು ನಾಳೆಯಂತೆ. ಹಾಗಾಗಿ ನಮ್ಮ ಹಿಟ್ಟಿನ ಗಿರಣಿ ಬಂದ್. ಮನೆಯವರು "ಇವತ್ತು ನನಗೂ ರಜಾ ಬಿಡು" ಎಂದು ಬೆಲ್ಟು ತರಲು ಹಗರಿಬೊಮ್ಮನಹಳ್ಳಿಗೆ ಹೋದರು. ಅವರ ರಜೆ ಎಂದರೆ ಇನ್ನೊಬ್ಬ ಗಿರಣಿಯವನ ಹತ್ತಿರ ಕುಳಿತು ಗಿರಣಿಯ ಮಾತಾಡುವುದು. ನಾನು ಮದುವೆಯಾಗಿ ಬಂದು ಇಪ್ಪತ್ತೊಂಬತ್ತು ವರ್ಷ. ಹಗಲು ಹೊತ್ತು ಈ ಮನೆಯ ಗೋಡೆ ನಡುಗದೆ ನಿಂತದ್ದನ್ನು ಬೆರಳಲ್ಲಿ ಎಣಿಸಬಹುದು. ಡಬ್ಬಿಯೊಳಗಿನ ಚಮಚ ಸಹ ನಮ್ಮಲ್ಲಿ ಸುಮ್ಮನಿರುವುದಿಲ್ಲ. ಇವತ್ತು ಲಿಂಗಪೂಜೆಗೆ ಕುಳಿತರೆ ನನ್ನ ಉಸಿರು ನನಗೇ ಕೇಳಿಸಿತು.

ಇದನ್ನೆಲ್ಲ ನಿನಗೆ ಬರೆಯಬಹುದೋ ಬಾರದೋ. ಆ ಜ್ವರ ಬಂದು ನಿನ್ನ ಕಿವಿ ಮುಚ್ಚಿ ನಾಲ್ಕು ವರ್ಷವಾಯಿತು. ಫೋನಿನಲ್ಲಿ ಕೂಗಿ ಕೂಗಿ ಸೋತ ಮೇಲೆ ನಾವು ಪತ್ರ ಹಿಡಿದದ್ದು. ಗೀತಾಂಜಲಿಯ ಮೊಬೈಲಿಗೆ ಬರೆದು ಕಳಿಸಬಹುದಿತ್ತು. "ನನ್ನ ಮಾತು ಇನ್ನೊಬ್ಬರ ಫೋನಿನ್ಯಾಗ ಬ್ಯಾಡ" ಎಂದವಳು ನೀನೇ.

ಈಗ ಸುದ್ದಿ. ಬೂದಿ ಮರಿ ಹಾಕಿದ್ದಾಳೆ. ಬೂದಿ ಎಂದರೆ ನಮ್ಮ ಬೆಕ್ಕು. ಬಣ್ಣ ಕಪ್ಪೇ, ಆದರೆ ಗಿರಣಿಯ ಹಿಟ್ಟು ಮೈಮೇಲೆ ಕುಳಿತು ಬೆಳಗಾದರೆ ಬೂದಿ ಬಳಿದುಕೊಂಡವರ ಹಾಗೆ ಬರುತ್ತಾಳೆ. ಭಾನುವಾರ ಮೂರು ಮರಿ. ಎಲ್ಲಿ ಗೊತ್ತೇ? ಅಪ್ಪನ ಹಾರ್ಮೋನಿಯಂ ಪೇಟಿ ಇಡುವ ಮರದ ಸಂದೂಕದಲ್ಲಿ, ಅಪ್ಪನ ಹಳೆಯ ಧೋತ್ರದ ಮೇಲೆ. ಮುಚ್ಚಳ ಸ್ವಲ್ಪ ತೆರೆದಿತ್ತು, ಅಷ್ಟೇ ಸಾಕಾಯಿತು. ಮರಿಗಳಿಗೆ ಇನ್ನೂ ಕಣ್ಣಿಲ್ಲ. ಒಂದಕ್ಕೆ ಹಣೆಯ ಮೇಲೆ ಬಿಳಿ ಮಚ್ಚೆ, ಎರಡು ಬೆರಳಲ್ಲಿ ವಿಭೂತಿ ಎಳೆದ ಹಾಗೆ.

ಮಧ್ಯಾಹ್ನ ಊಟವಾದ ಮೇಲೆ ಸಂದೂಕದ ಪಕ್ಕ ಚಾಪೆ ಹಾಸಿಕೊಂಡೆ. ಬೂದಿ ಗುರುಗುಟ್ಟುತ್ತ ಮರಿಗಳಿಗೆ ಹಾಲೂಡಿಸುತ್ತಿದ್ದಳು. ನನಗೆ ತಂಬ್ರಹಳ್ಳಿಯ ತವರುಮನೆಯ ಕಟ್ಟೆ ನೆನಪಾಯಿತು. ಅಪ್ಪ ಪೇಟಿ ಬಾರಿಸುವುದು, ನೀನು ಪಕ್ಕದಲ್ಲಿ ಕುಳಿತು ಹಾಡುವುದು, ಪಕ್ಕದ ಮನೆಯ ಭರಮಮ್ಮ ತಾಳ ಕುಟ್ಟುವುದು, ನಾನು ನಿನ್ನ ತೊಡೆಯ ಮೇಲೆ ನಿದ್ದೆ ಬಂದ ಹಾಗೆ ನಟಿಸುವುದು. ಮೆಲ್ಲಗೆ ನಮ್ಮೂರ ಮಂಗಳಾರತಿ ಹಾಡಿದೆ. ಮೂರನೆಯ ಸಾಲು ಮೇಲೆ ಏರುತ್ತದಲ್ಲ, ಅಲ್ಲಿ ನಾವು ಒಂದು ಉಸಿರು ನಿಲ್ಲಿಸುತ್ತೇವಲ್ಲ, ಅಲ್ಲಿ ನಾನೂ ನಿಲ್ಲಿಸಿದೆ. ಬೂದಿಯೂ ಗುರುಗುಟ್ಟುವುದನ್ನು ನಿಲ್ಲಿಸಿ ತಲೆ ಎತ್ತಿದಳು! ಅಪ್ಪನ ಪೇಟಿಯಲ್ಲಿ ಬೆರಳೊತ್ತುವ ಬಿಳಿ ಕರಿ ಮನೆಗಳಲ್ಲಿ ಆ ಸ್ವರದ್ದೊಂದು ಮೂಕ. ಬೆರಳಿಟ್ಟರೆ ಸ್ವರ ಬರುತ್ತಿರಲಿಲ್ಲ, ಅದಕ್ಕೇ ಇಡೀ ಊರು ಅಲ್ಲಿ ಉಸಿರು ಹಿಡಿಯುವುದನ್ನು ಕಲಿಯಿತು. ಭರಮಮ್ಮ ಇವತ್ತಿಗೂ ಅದನ್ನು "ಶಿವನ ಪಾಲು" ಎನ್ನುತ್ತಾಳೆ.

ಅಕ್ಕ, ಒಂದು ಬೇಡಿಕೆ. ಅಪ್ಪ ಹೋಗಿ ಈ ಶ್ರಾವಣದ ಕಡೆಯ ಸೋಮವಾರಕ್ಕೆ ಇಪ್ಪತ್ತು ವರ್ಷ. ಆಗಸ್ಟ್ 18. ಪುಣ್ಯಸ್ಮರಣೆ ನಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದೇನೆ. ತಂಬ್ರಹಳ್ಳಿಯಿಂದ ಭರಮಮ್ಮ, ಇನ್ನೂ ಮೂವರು ಹೆಂಗಸರು ಬರುತ್ತಾರೆ. ನೀನು ಬಂದು ಮೊದಲಿನ ಹಾಗೆ ಮಂಗಳಾರತಿ ಹೇಳಿಕೊಡಬೇಕು. ಬೇರೆ ಯಾರ ಬಾಯಲ್ಲೂ ಅದು ನಿಲ್ಲುವುದಿಲ್ಲ.

ನಿನ್ನ ತಂಗಿ
ಎರ್ರಮ್ಮ


ಇಟ್ಟಿಗಿ
ಶುಕ್ರವಾರ, 27 ಜೂನ್ 2025

ಎರ್ರಮ್ಮನಿಗೆ ಆಶೀರ್ವಾದ.

ಪತ್ರ ಬಂತು. ಮೂರು ಸಲ ಓದಿದೆ. ಮೊದಲ ಸಲ ನಕ್ಕೆ. ಎರಡನೆಯ ಸಲ ಸಂದೂಕದ ಸಾಲಿಗೆ ತಿರುಗಿ ಬಂದೆ. ಮೂರನೆಯ ಸಲಕ್ಕೆ ಒಂದು ಮಾತು ಕೇಳಬೇಕೆನಿಸಿತು. ಸಂದೂಕದಲ್ಲಿ ಬೆಕ್ಕು ಮಲಗಿದ್ದರೆ, ಪೇಟಿ ಎಲ್ಲಿ ಮಲಗಿದೆ?

ಸಣ್ಣವಳಿದ್ದಾಗಲೂ ನೀನು ಹೀಗೇ. ಬೆಲ್ಲ ಕದ್ದ ದಿನ ಬೆಲ್ಲದ ಡಬ್ಬಿಯ ಮೇಲೆ ಕುಳಿತ ಇರುವೆಯ ಸುದ್ದಿ ಹೇಳುತ್ತಿದ್ದೆ. ಮಾರಿದೆಯೋ, ಯಾರಿಗಾದರೂ ಕೊಟ್ಟೆಯೋ, ಇದ್ದದ್ದು ಇದ್ದ ಹಾಗೆ ಬರೆ.

ಆಗಸ್ಟ್ 18ಕ್ಕೆ ನಾನು ಬರುವುದಿಲ್ಲ. ಕೇಳದವಳು ಏನು ಹಾಡುವುದು? ಕಳೆದ ವರ್ಷ ಇಲ್ಲಿನ ಭಜನೆಗೆ ಸೊಸೆ ಕರೆದುಕೊಂಡು ಹೋದಳು. ಎಲ್ಲರ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಎಲ್ಲಿದ್ದಾರೆ ಎಂದು ತಿಳಿಯುವುದಿಲ್ಲ. ನಾನೊಂದು ಸಾಲು ಹಾಡಿದೆ. ಪಕ್ಕದವಳು ನನ್ನ ಮೊಣಕೈ ಹಿಡಿದಳು. ಅವರು ಆಗಲೇ ಮುಗಿಸಿ ಪ್ರಸಾದ ಹಂಚುತ್ತಿದ್ದರು. ಆವತ್ತಿನಿಂದ ನಾನು ಬಾಯಿ ತೆರೆಯುವುದು ಊಟಕ್ಕೆ, ಸೊಸೆಯನ್ನು ಬೈಯುವುದಕ್ಕೆ. ಅವಳೂ ಬೈಯುತ್ತಾಳಂತೆ. ನನಗೆ ಕೇಳುವುದಿಲ್ಲವಲ್ಲ, ಮನೆ ತಣ್ಣಗಿದೆ.

ಮೆಕ್ಕೆಜೋಳ ಮೊಣಕಾಲುದ್ದ ಬಂದಿದೆ. ಗವಿಸಿದ್ದೇಶ ಚೆನ್ನಾಗಿದ್ದಾನೆ.

ಪೇಟಿಯ ವಿಷಯ ಬರೆ.

ಗೀತಮ್ಮ


ಕೊಟ್ಟೂರು
ಗುರುವಾರ, 3 ಜುಲೈ 2025

ಅಕ್ಕನಿಗೆ ಶರಣು.

ಬೈಯಬೇಡ. ಪೇಟಿ ಮಾರಿಲ್ಲ. ರಿಪೇರಿಗೆ ಕೊಟ್ಟಿದ್ದೆ. ಈಗ ಮನೆಗೆ ಬಂದಿದೆ, ನನ್ನ ಎದುರಿಗೇ ಇದೆ.

ಬೇಸಿಗೆಯಲ್ಲಿ ಇಲಿ ಅದರ ತಿದಿ ಕಡಿದಿತ್ತು. ಗಾಳಿ ಸೋರಿ ಪೇಟಿ ಮುದುಕರ ಹಾಗೆ ಏದುಸಿರು ಬಿಡುತ್ತಿತ್ತು. ಕೂಡ್ಲಿಗಿಯಲ್ಲಿ ಹುಲುಗಣ್ಣ ಎಂಬವರು ಪೇಟಿ ತಬಲಾ ರಿಪೇರಿ ಮಾಡುತ್ತಾರೆ. ಅವರ ಹತ್ತಿರ ಒಯ್ದೆ. ಜೊತೆಗೆ ಆ ಮೂಕ ಮನೆಯನ್ನೂ ಸರಿ ಮಾಡಿ ಎಂದೆ. ನಿನಗೆ ಮುಂಚೆ ಹೇಳಲಿಲ್ಲ. ಪುಣ್ಯಸ್ಮರಣೆಯ ದಿನ ಆ ಸ್ವರ ತಾನಾಗಿ ನುಡಿಯಲಿ, ಎಲ್ಲರೂ ಬೆರಗಾಗಲಿ ಎಂಬ ಆಸೆ.

ನನಗೆ ಆ ಮನೆಯ ಮೇಲೆ ಹಳೆಯ ಸಿಟ್ಟು. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಬೇರೆ ಊರಿನ ಭಜನೆಯವರು ನಮ್ಮ ಗುಡಿಗೆ ಬಂದಿದ್ದರು. ಅಪ್ಪ ಪೇಟಿ ಮುಂದೆ ಕುಳಿತದ್ದೇ ಒಬ್ಬ ಅಂದ: "ಬಂತಪ್ಪಾ ಶಿವಯೋಗಪ್ಪನ ಕುಂಟು ಪೇಟಿ! ಕೋಲು ಕೊಡ್ರಿ ಅದಕ್ಕ!" ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನನಗೆ ಮಾತ್ರ ಆ ನಗು ಹೊಟ್ಟೆಯಲ್ಲಿ ಉಳಿಯಿತು. ದೊಡ್ಡವಳಾದ ಮೇಲೆ ಈ ಪೇಟಿಯನ್ನು ನೆಟ್ಟಗೆ ನಡೆಸುತ್ತೇನೆ ಎಂದು ಆವತ್ತೇ ದೇವರ ಮುಂದೆ ಹೇಳಿಕೊಂಡಿದ್ದೆ.

ಹುಲುಗಣ್ಣ ಪೇಟಿ ಬಿಚ್ಚಿದವರು ನನ್ನ ಮುಖ ನೋಡಿದರು. "ಅಕ್ಕಾರ, ಇದು ಕೆಟ್ಟಿದ್ದಲ್ಲರೀ. ಯಾರೋ ಬೇಕಂತ್ಲೇ ಬಾಯಿ ಮುಚ್ಯಾರ" ಎಂದರು. ಒಳಗೆ ಸ್ವರ ನುಡಿಸುವ ಹಿತ್ತಾಳೆ ಪಟ್ಟಿಯ ಮೇಲೆ ಜೇನುಮೇಣ ಮೆತ್ತಿ, ಕೆಂಪು ರಿಬ್ಬನ್ನಿನ ಒಂದು ತುಂಡು ಮಡಿಸಿ ತುರುಕಿದ್ದರು. ಯಾರು ಮಾಡಿರಬೇಕು? ಅಪ್ಪನ ಮೇಲೆ ಹೊಟ್ಟೆಕಿಚ್ಚಿನವರು ಎಂದೇ ನನ್ನ ಅನುಮಾನ. ಅಪ್ಪ ಪಾಪ, ಕೆಟ್ಟಿದೆ ಎಂದು ಸುಮ್ಮನಿದ್ದ.

ರಿಬ್ಬನ್ ತುಂಡನ್ನು ಮನೆಗೆ ತಂದಿದ್ದೆ. ಬೂದಿಯ ಮುಂದೆ ಎಸೆದೆ. ಅವಳು ಕಚ್ಚಿಕೊಂಡು ಸಂದೂಕದೊಳಗೆ ಒಯ್ದಳು. ಮಕ್ಕಳಿಗೆ ಆಟದ ಸಾಮಾನು.

ಇವತ್ತು ಗಿರಣಿಯ ಕಲ್ಲಿಗೆ ಹಲ್ಲು ಕುಟ್ಟಿಸುವ ದಿನ, ಹಾಗಾಗಿ ಮತ್ತೆ ಸದ್ದಿಲ್ಲ. ಕುಟ್ಟುವವನು ಟಕ್ ಟಕ್ ಎನ್ನುತ್ತಾನೆ, ನಾನು ಒಳಗೆ ಪೇಟಿ ಮುಂದೆ ಕುಳಿತು ಅದೇ ಲೆಕ್ಕಕ್ಕೆ ಮಂಗಳಾರತಿ ಬಾರಿಸುತ್ತೇನೆ. ನನಗೆ ಬರುವುದೇ ಮೂರು ಹಾಡು. ಆ ಸ್ವರ ಎಷ್ಟು ಸಿಹಿ ಇದೆ ಅಕ್ಕ! ಅದನ್ನು ಕೇಳದೆ ನಾವು ಇಷ್ಟು ವರ್ಷ ಹೇಗಿದ್ದೆವು?

ಇನ್ನೊಂದು ಮಾತು. ಬಹಳ ದಿನದಿಂದ ಹೇಳಬೇಕೆಂದಿದ್ದೆ. ಅಪ್ಪ ಪೇಟಿಯನ್ನು ನನಗೆ ಕೊಟ್ಟ. ಹಾಡುವವಳು ನೀನು, ಬರಬೇಕಾದದ್ದು ನಿನಗೆ. ಅದು ನಿನ್ನ ಮನಸ್ಸಿನಲ್ಲಿ ಇದೆ, ಅದಕ್ಕೇ ನಮ್ಮ ಮನೆಗೆ ಬಂದರೂ ನೀನು ಪೇಟಿಯ ಕಡೆ ತಿರುಗಿ ನೋಡುವುದಿಲ್ಲ. ನನಗೆ ತಿಳಿಯುತ್ತದೆ. ಬೇಕೆಂದರೆ ನಾಳೆಯೇ ಇಟ್ಟಿಗಿಗೆ ಕಳಿಸುತ್ತೇನೆ. ಕೋಪ ಬಿಡು, ಆಗಸ್ಟ್ 18ಕ್ಕೆ ಬಾ.

ಎರ್ರಮ್ಮ


ಕೊಟ್ಟೂರು
ಮಂಗಳವಾರ, 15 ಜುಲೈ 2025

ಅಕ್ಕ,

ಹನ್ನೆರಡು ದಿನವಾಯಿತು, ನಿನ್ನ ಉತ್ತರವಿಲ್ಲ. ಗವಿಸಿದ್ದೇಶನಿಗೆ ಫೋನ್ ಮಾಡಿದರೆ "ಅವ್ವ ಆರಾಮ್ ಅದಾಳ ಚಿಗವ್ವಾ, ಎಮ್ಮಿ ಹತ್ರ ಕುಂತಾಳ" ಎಂದ. ಎಮ್ಮೆಗೆ ಕೊಡುವ ಹೊತ್ತು ನನಗಿಲ್ಲವೇ?

ಬೂದಿ ಮರಿಗಳನ್ನು ಸಂದೂಕದಿಂದ ಗಿರಣಿಯ ಚೀಲಗಳ ಹಿಂದಕ್ಕೆ ಒಯ್ದಿದ್ದಾಳೆ. ಮೂರೂ ಹಿಟ್ಟಿನಲ್ಲಿ ಹೊರಳಿ ಈಗ ಯಾವುದು ಯಾವುದೆಂದು ತಿಳಿಯುವುದಿಲ್ಲ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಒಂದು ಸಾಲಾದರೂ ಬರೆ.

ಎರ್ರಮ್ಮ


ಇಟ್ಟಿಗಿ
ಭಾನುವಾರ, 20 ಜುಲೈ 2025

ಎರ್ರಿ,

ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವ ಮೊದಲು ಅಂಚೆ ಡಬ್ಬಿಗೆ ಹಾಕಿಸುತ್ತೇನೆ.

ಆ ರಿಬ್ಬನ್ ನನ್ನದು.

ನನಗೆ ಹನ್ನೆರಡು ವರ್ಷ. ನೀನು ಅವ್ವನ ಸೊಂಟದ ಮೇಲಿದ್ದೆ. ಶ್ರಾವಣದಲ್ಲಿ ಅಪ್ಪ ಮೊದಲ ಸಲ ನನ್ನನ್ನು ಗುಡಿಯಲ್ಲಿ ಎಲ್ಲರ ಮುಂದೆ ಹಾಡಲು ಕೂರಿಸಿದ್ದ. ಮೂರನೆಯ ಸಾಲು ಮೇಲೆ ಏರಿ ಆ ಸ್ವರಕ್ಕೆ ಬರುತ್ತಿದ್ದಂತೆ ನನ್ನ ಗಂಟಲು ಒಡೆಯಿತು. ಮರುದಿನವೂ ಒಡೆಯಿತು. ಮೂರನೆಯ ದಿನ ಹುಡುಗರು ಗುಡಿಯ ಹೊರಗೆ ಕಾಯುತ್ತಿದ್ದರು. ಆ ಸಾಲು ಬಂದದ್ದೇ ಎಲ್ಲರೂ ಕೂಡಿ ಮೇಕೆಯ ಹಾಗೆ ಕೂಗಿದರು. ಮನೆಗೆ ಬಂದವಳು ಉಣ್ಣಲಿಲ್ಲ. ಇನ್ನು ಹಾಡುವುದಿಲ್ಲ ಎಂದು ಲಿಂಗ ಮುಟ್ಟಿ ಆಣೆ ಮಾಡಲು ಹೋದೆ. ಅಪ್ಪ ಕೈ ಹಿಡಿದ.

ಬೆಳಿಗ್ಗೆ ಪೂಜೆ ಮುಗಿಸಿ ಅಪ್ಪ ಪೇಟಿ ಬಿಚ್ಚಿದ. "ಬಾರವ್ವಾ ಇಲ್ಲಿ" ಎಂದು ನನ್ನನ್ನು ಎದುರಿಗೆ ಕೂರಿಸಿಕೊಂಡ. ನನ್ನ ಜಡೆಯಿಂದ ರಿಬ್ಬನ್ ಎಳೆದು ಕತ್ತರಿಯಲ್ಲಿ ಒಂದು ತುಂಡು ಕತ್ತರಿಸಿದ. ಮೇಣ ಬೆರಳಲ್ಲಿ ಬೆಚ್ಚಗೆ ಮಾಡಿ ಮೆತ್ತಿದ. "ಲೇ ಗೀತಾ, ಇವತ್ತಿನಿಂದ ಈ ಪೇಟಿಗೆ ಆ ಸ್ವರ ಇಲ್ಲ. ಪೇಟಿಗೇ ಇಲ್ಲದ ಸ್ವರ ಯಾರು ಹಾಡ್ತಾರ? ಯಾರರ ಕೇಳಿದ್ರ ಪೇಟಿ ಕೆಟ್ಟೈತಿ ಅನ್ನು."

ಸಂಜೆ ಗುಡಿಯಲ್ಲಿ ಅಪ್ಪ ಆ ಮನೆಯ ಮೇಲೆ ಬೆರಳಿಟ್ಟ, ಸ್ವರ ಬರಲಿಲ್ಲ. ನಾನೂ ಸುಮ್ಮನಾದೆ. ಎಲ್ಲರೂ ಸುಮ್ಮನಾದರು. ಆಮೇಲೆ ನಾಲ್ಕನೆಯ ಸಾಲು ನಾನು ಹಿಡಿದೆ. ಅಲ್ಲಿಂದ ನಾನು ತಂಬ್ರಹಳ್ಳಿಯ ಹಾಡುಗಾರ್ತಿ ಗೀತಮ್ಮ. ಅಪ್ಪ ಕುಂಟು ಪೇಟಿಯ ಶಿವಯೋಗಪ್ಪ.

ನೀನು ಕೇಳಿದ ಆ ನಗು ನಾನು ಹತ್ತಾರು ಸಲ ಕೇಳಿದ್ದೇನೆ. ಹರಪನಹಳ್ಳಿಯಿಂದ ಒಬ್ಬ ದೊಡ್ಡ ಹಾಡುಗಾರರು ಬಂದಾಗ ಜೊತೆಗೆ ಬಾರಿಸಲು ಅಪ್ಪನನ್ನು ಕರೆದರು, ಪೇಟಿ ನೋಡಿ ಬೇಡ ಎಂದರು. ಆವತ್ತು ರಿಬ್ಬನ್ ತೆಗೆಯುವುದಕ್ಕೆ ಅಪ್ಪನಿಗೆ ಎಷ್ಟು ಹೊತ್ತು ಬೇಕಿತ್ತು? ತೆಗೆಯಲಿಲ್ಲ. ನಾನೂ ತೆಗಿ ಎನ್ನಲಿಲ್ಲ. ಆಗ ನನಗೆ ಹತ್ತೊಂಬತ್ತು ವರ್ಷ, ತಿಳಿಯದವಳೇನಲ್ಲ. ಹೆಸರು ಸಿಹಿಯಾಗಿತ್ತು.

ಅಪ್ಪ ಕಡೆಯಲ್ಲಿ "ಪೇಟಿ ಯಾರಿಗವ್ವಾ?" ಎಂದಾಗ "ಎರ್ರಿಗೆ ಕೊಡು" ಎಂದವಳು ನಾನು. ನೀನು ಅಂದುಕೊಂಡ ಹಾಗೆ ಕೋಪವಲ್ಲ. ಅದನ್ನು ಕಣ್ಣೆದುರು ಇಟ್ಟುಕೊಳ್ಳುವ ಧೈರ್ಯ ಇರಲಿಲ್ಲ. ಕಳಿಸಬೇಡ. ಅಲ್ಲೇ ಇರಲಿ.

ಈಗ ಅದು ನೆಟ್ಟಗೆ ನಡೆಯುತ್ತಿದೆ, ಒಳ್ಳೆಯದಾಯಿತು. ಅಪ್ಪನ ಹೆಸರಿನಿಂದ ಆ ಕುಂಟು ಹೋಗಲಿ. ಆದರೆ ಅದು ನುಡಿಯುವ ದಿನ ನಾನು ಅಲ್ಲಿ ಇರಲಾರೆ.

ಗೀತಮ್ಮ


ಕೊಟ್ಟೂರು
ಸೋಮವಾರ, 28 ಜುಲೈ 2025

ಅಕ್ಕ,

ನಿನ್ನ ಪತ್ರ ಶುಕ್ರವಾರ ಬಂತು. ಓದಿ ದೇವರ ಕೋಣೆಯಲ್ಲಿ ಇಟ್ಟೆ. ಮನೆಯವರು "ಏನಂತ ಅಕ್ಕಂದು?" ಎಂದರು. "ಮೆಕ್ಕಿಜ್ವಾಳ ಚೊಲೋ ಐತಂತ" ಎಂದೆ. ಶ್ರಾವಣದಲ್ಲಿ ಸುಳ್ಳು ಹೇಳಿದೆ. ಇವತ್ತು ಮೊದಲ ಸೋಮವಾರ, ಮಠಕ್ಕೆ ಹೋಗಿ ತಪ್ಪೊಪ್ಪಿಕೊಂಡು ಬಂದೆ. ಆದರೆ ಮುಂದೆ ಕೇಳಿದರೂ ಅದೇ ಸುಳ್ಳು ಹೇಳುತ್ತೇನೆ.

ನಾಳೆ ಪಂಚಮಿ. ಉಂಡಿ ಕಟ್ಟುತ್ತಾ ನಡುನಡುವೆ ಕೈ ಒರೆಸಿಕೊಂಡು ಬರೆಯುತ್ತಿದ್ದೇನೆ, ಕಾಗದಕ್ಕೆ ಬೆಲ್ಲ ಹತ್ತಿದ್ದರೆ ನೆಕ್ಕಬೇಡ. ಗೀತಾಂಜಲಿ ನಗುತ್ತಾಳೆ.

ನೀನು ನಿನ್ನದೇ ತಪ್ಪು ಎನ್ನುವ ಹಾಗೆ ಬರೆದಿದ್ದೀಯ. ನನಗೆ ಇನ್ನೊಂದು ನೆನಪಿದೆ, ಕೇಳು. "ಕೋಲು ಕೊಡ್ರಿ" ಎಂದು ಆ ಮನುಷ್ಯ ಅಂದ ದಿನ ಮನೆಗೆ ಬರುವಾಗ ನಾನು ಅಪ್ಪನ ಕೈ ಹಿಡಿದು ಅತ್ತೆ. ಅಪ್ಪ ಅಂದ: "ಅವಂಗೇನ್ ಗೊತ್ತು? ನಮ್ಮ ಪೇಟಿ ಕುಂಟಿದ್ರೂ ಮನಿಮಂದೀನ್ನ ಹೊತ್ತು ನಡಿತೈತಿ." ಆಗ ನನಗೆ ತಿಳಿದಿರಲಿಲ್ಲ. ಹೇಳುವಾಗ ಅಪ್ಪನ ಮುಖದಲ್ಲಿ ನೋವಿರಲಿಲ್ಲ ಅಕ್ಕ. ದೇವರಾಣೆ. ನಗುತ್ತಿದ್ದ. ಹಿಂದೆ ನೀನು ಬರುತ್ತಿದ್ದೆ, ತಿರುಗಿ ನಿನ್ನನ್ನೊಮ್ಮೆ ನೋಡಿದ.

ನಾನು ಪೆದ್ದಿ. ಪೇಟಿಯನ್ನು ನೆಟ್ಟಗೆ ಮಾಡುತ್ತೇನೆ ಎಂದು ಹೋಗಿ ಅಪ್ಪ ಕಟ್ಟಿದ ಗಂಟು ಬಿಚ್ಚಿದೆ.

ಭರಮಮ್ಮ ಮೊನ್ನೆ ಕೊಟ್ಟೂರಿಗೆ ಬಂದವಳು ನಮ್ಮ ಮನೆಗೂ ಬಂದಿದ್ದಳು. ಪೇಟಿ ಬಾರಿಸು ಎಂದಳು. ಆ ಸ್ವರ ಬಂದದ್ದೇ ತಾಳ ಕೆಳಗಿಟ್ಟು, "ಏ ಎರ್ರಿ, ಅದು ಶಿವನ ಪಾಲು. ಅದನ್ಯಾಕ ನೀ ತಿನ್ನಾಕ ಹತ್ತಿ?" ಎಂದಳು. "ಪೇಟಿ ರಿಪೇರಿ ಆಗೈತಿ ಭರಮಮ್ಮಾ" ಎಂದೆ. "ಪೇಟಿ ರಿಪೇರಿ ಮಾಡ್ಸು, ಶಿವನ್ನ ಯಾಕ ಮಾಡ್ಸತಿ?" ಎಂದಳು. ನಗು ತಡೆಯಲಾರದೆ ಒಳಗೆ ಹೋದೆ. ನಿನ್ನ ಗುಟ್ಟು ಅವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಬೂದಿ ಬಿಟ್ಟು ಹೋದ ಸಂದೂಕ ಸ್ವಚ್ಛ ಮಾಡಿದೆ. ಅಪ್ಪನ ಧೋತ್ರ ಕೊಡವಿ ಒಗೆದು ಹಾಕಿದೆ. ಅದರ ಮಡಿಕೆಯಲ್ಲಿ ಏನು ಸಿಕ್ಕಿತು ಎಂದು ಇಲ್ಲಿ ಬರೆಯುವುದಿಲ್ಲ.

ಹಾಡುವುದು ಬೇಡ. ಬಂದು ಸುಮ್ಮನೆ ಕುಳಿತುಕೋ. ಬಸ್ಸಿಗೆ ಆಧಾರ್ ಕಾರ್ಡ್ ತೋರಿಸಿದರೆ ಸಾಕು, ಟಿಕೆಟ್ ಇಲ್ಲ. ಒಂದೂವರೆ ತಾಸಿನ ದಾರಿಗೆ ನಾವಿಬ್ಬರು ಎರಡು ವರ್ಷ ತೆಗೆದುಕೊಂಡಿದ್ದೇವೆ. ಹಣೆಯ ಮೇಲೆ ವಿಭೂತಿ ಇರುವ ಮರಿಯನ್ನು ನಿನಗಾಗಿ ಇಟ್ಟಿದ್ದೇನೆ. ಅದು ಬಹಳ ಕೂಗುತ್ತದೆ, ನಿನಗೆ ತೊಂದರೆ ಇಲ್ಲ.

ಎರ್ರಮ್ಮ


ಇಟ್ಟಿಗಿ
ಶನಿವಾರ, 9 ಆಗಸ್ಟ್ 2025

ಎರ್ರಿಗೆ,

ಬರುತ್ತೇನೆ. ಭಾನುವಾರ ಸಂಜೆಯ ಬಸ್ಸಿಗೆ. ಗೀತಾಂಜಲಿ ಜೊತೆಗೆ ಬಂದು ಬಿಟ್ಟು ಹೋಗುತ್ತಾಳೆ, ಕರೆದೊಯ್ಯಲೂ ಅವಳೇ ಬರುತ್ತಾಳೆ.

ಹಾಡುವುದಿಲ್ಲ. ನೀನು ಬಾರಿಸು. ಆ ಸ್ವರವನ್ನೂ ಬಾರಿಸು, ನನಗಾಗಿ ಮುಚ್ಚಿಡಬೇಡ. ಮಂಗಳಾರತಿ ಮುಗಿದ ಮೇಲೆ ಭರಮಮ್ಮನಿಗೆ, ಉಳಿದವರಿಗೆ ನಾನೇ ಎಲ್ಲ ಹೇಳುತ್ತೇನೆ. ಅಪ್ಪನ ಪೇಟಿ ಕುಂಟಲ್ಲ, ಮಗಳ ಗಂಟಲು ಕುಂಟು ಎಂದು. ನಲವತ್ತೊಂಬತ್ತು ವರ್ಷ ಇಟ್ಟುಕೊಂಡದ್ದು ಸಾಕು. ನಗುವವರು ನಗಲಿ. ನನಗಂತೂ ಕೇಳುವುದಿಲ್ಲ.

ಅಪ್ಪ ತಿರುಗಿ ನನ್ನನ್ನು ನೋಡಿದ್ದು ನನಗೂ ನೆನಪಿದೆ. ಬೈಯಲು ನೋಡಿದ ಎಂದು ನಾನು ಇಲ್ಲಿಯವರೆಗೆ ತಿಳಿದಿದ್ದೆ.

ಮರಿಗೆ ಬುಟ್ಟಿ ತರುತ್ತೇನೆ.

ಗೀತಮ್ಮ


ಇಟ್ಟಿಗಿ
ಭಾನುವಾರ, 24 ಆಗಸ್ಟ್ 2025

ಎರ್ರಮ್ಮನಿಗೆ,

ಸುಖವಾಗಿ ಮುಟ್ಟಿದೆವು. ಬಸ್ಸಿನಲ್ಲಿ ಮರಿ ಬುಟ್ಟಿಯೊಳಗೆ ಇಟ್ಟಿಗಿಯವರೆಗೂ ಕೂಗಿತಂತೆ. ಕಂಡಕ್ಟರ್ ಬಂದು "ಇದಕ್ಕೂ ಆಧಾರ್ ಐತೇನ್ರಿ?" ಎಂದನಂತೆ. ಗೀತಾಂಜಲಿ ಕಾಗದದಲ್ಲಿ ಬರೆದು ತೋರಿಸಿದಳು. ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕೆವು.

ನಿನ್ನ ಮನೆಯಲ್ಲಿ ಇದ್ದಷ್ಟು ಹೊತ್ತು ಈ ಮಾತು ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬರೆಯುವುದು ನಮಗೆ ಸಲೀಸು.

ಆವತ್ತು ಹೇಳಬೇಕಾದ ಮಾತನ್ನೆಲ್ಲ ಕಟ್ಟಿಕೊಂಡೇ ಬಂದಿದ್ದೆ. ಪೂಜೆಗಾಗಿ ನೀನು ಗಿರಣಿ ನಿಲ್ಲಿಸಿದ್ದೆ, ಗೋಡೆ ಸುಮ್ಮನಿತ್ತು. ಕಾಲಿಗೂ ಕೈಗೂ ಏನೂ ತಾಗುತ್ತಿರಲಿಲ್ಲ. ನೀವು ಹಾಡಲು ಶುರು ಮಾಡಿದಿರಿ. ಬಾಯಿಗಳನ್ನು ನೋಡಿದರೆ ತಲೆ ತಿರುಗುತ್ತದೆ, ಹಾಗಾಗಿ ಕಣ್ಣು ಮುಚ್ಚಿದೆ. ಪೇಟಿ ಅಲುಗಾಡಬಾರದೆಂದು ಅದರ ಎಡಬದಿಗೆ ಅಂಗೈ ಇಟ್ಟುಕೊಂಡಿದ್ದೆ. ಸಣ್ಣವಳಿದ್ದಾಗ ಅಪ್ಪನಿಗೆ ಹಾಗೆ ಹಿಡಿದು ಕೊಡುತ್ತಿದ್ದೆ, ಕೈ ತಾನಾಗಿ ಹೋಯಿತು.

ಮರದೊಳಗೆ ಜೇನು ಎದ್ದ ಹಾಗಾಯಿತು ಎರ್ರಿ. ನೀನು ಕೆಳಗಿನ ಸ್ವರ ಹಿಡಿದರೆ ಅಂಗೈಯ ಬುಡಕ್ಕೆ ತಾಗುತ್ತದೆ, ಮೇಲೇರಿದರೆ ಬೆರಳ ತುದಿಗೆ ಬರುತ್ತದೆ. ಆದರೆ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ, ಯಾವ ಸಾಲು ಎಂದು ಹೇಗೆ ತಿಳಿಯುವುದು? ನಾನು ಆ ಒಂದು ಸ್ವರಕ್ಕಾಗಿ ಕಾದೆ. ಅದು ಬಂದು ಅಂಗೈ ಸುಡುತ್ತದೆ, ಆಮೇಲೆ ಎದ್ದು ಮಾತಾಡುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿ ಕುಳಿತಿದ್ದೆ.

ಅದು ಬರಲಿಲ್ಲ. ಮರ ತಣ್ಣಗಾಯಿತು. ಒಂದೇ ಉಸಿರಿನಷ್ಟು.

ಮೂರನೆಯ ಸಾಲು ಮುಗಿಯಿತು ಎಂದು ನನ್ನ ಕೈಗೆ ತಿಳಿಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲ, ಎಲ್ಲರೂ ಎಲ್ಲಿದ್ದಾರೋ ನಾನೂ ಅಲ್ಲಿದ್ದೆ. ಮರ ಮತ್ತೆ ಅಲುಗುವುದಕ್ಕೂ ನನ್ನ ಬಾಯಿ ತೆರೆಯುವುದಕ್ಕೂ ಸರಿಹೋಯಿತು. ಹಾಡಬೇಕು ಎಂದು ಹಾಡಿದ್ದಲ್ಲ. ನಾಲ್ಕನೆಯ ಸಾಲು ಯಾವಾಗಲೂ ನಾನೇ ಹಿಡಿಯುತ್ತಿದ್ದೆನಲ್ಲ, ಹಿಡಿದೆ. ಕಣ್ಣು ಬಿಟ್ಟಾಗ ಭರಮಮ್ಮ ತಾಳ ಕುಟ್ಟುತ್ತ ಅಳುತ್ತಿದ್ದಳು. ನೀನು ತಲೆ ಎತ್ತದೆ ತಿದಿ ಒತ್ತುತ್ತಿದ್ದೆ. ಮೂರು ಸಲ ಮಂಗಳಾರತಿ ಆಯಿತು. ಮೂರು ಸಲವೂ ಅಲ್ಲಿಗೆ ಬಂದಾಗ ಮರ ನಿಂತಿತು, ಮೂರು ಸಲವೂ ನಾನು ಕೂಡಿಕೊಂಡೆ.

ಮುಗಿದ ಮೇಲೆ ಭರಮಮ್ಮ ನನ್ನ ಗದ್ದ ಹಿಡಿದು, ತುಟಿ ಕಾಣುವ ಹಾಗೆ ನಿಧಾನವಾಗಿ ಅಂದಳು: "ಕೂಡಿ ಬಂದಿ ಬಿಡವ್ವಾ." ಓದಿಕೊಂಡೆ. ನಾನು ಕಟ್ಟಿಕೊಂಡು ಬಂದ ಮಾತು ಹೇಳಲಿಲ್ಲ. ನಾಚಿಕೆಯಿಂದಲ್ಲ. ಹೇಳಿದ್ದರೆ ಆ ಜಾಗ ನನ್ನ ತಪ್ಪಿನ ಜಾಗ ಆಗುತ್ತಿತ್ತು. ಅವರಿಗೆ ಅದು ಶಿವನ ಪಾಲು, ಹಾಗೇ ಇರಲಿ. ನನಗೂ ಈಗ ಅದು ಬೇಕು.

ನೀನು ರಿಬ್ಬನ್ ತುರುಕಿದ್ದು ನನ್ನ ಮಾನ ಉಳಿಸಲು ಎಂದು ಗೊತ್ತು. ಬೇಡ ಎಂದು ಬರೆದರೂ ಕೇಳಲಿಲ್ಲ, ಅಪ್ಪನ ಮಗಳು. ಅಪ್ಪ ಹನ್ನೆರಡು ವರ್ಷದ ಹುಡುಗಿಗೆಂದು ಮಾಡಿದ್ದು ಅರವತ್ತೊಂದರ ಕಿವುಡಿಗೆ ದಾರಿ ತೋರಿಸುತ್ತದೆ ಎಂದು ಅವನೂ ಅಂದುಕೊಂಡಿರಲಿಕ್ಕಿಲ್ಲ, ನೀನೂ ಅಂದುಕೊಂಡಿರಲಿಕ್ಕಿಲ್ಲ. ನೀವೆಲ್ಲ ಹೊರಗೆ ಪ್ರಸಾದ ಬಡಿಸುವಾಗ ನಾನು ಪೇಟಿಯ ಹಿಂದಿನ ಹಲಗೆ ಎತ್ತಿ ನೋಡಿದೆ. ರಿಬ್ಬನ್ ಅರ್ಧವೇ ಇದೆ. ಅಂಚಿನಲ್ಲಿ ಬೆಕ್ಕಿನ ಹಲ್ಲಿನ ಗುರುತು. ಉಳಿದರ್ಧ ಬೂದಿಯ ಹೊಟ್ಟೆಯಲ್ಲಿದ್ದರೆ ಅವಳಿಗೆ ಒಳ್ಳೆಯದಾಗಲಿ.

ಈಗ ಮಧ್ಯಾಹ್ನ. ಗವಿಸಿದ್ದೇಶ ಹೊಲಕ್ಕೆ ಹೋಗಿದ್ದಾನೆ, ಸೊಸೆ ಮಲಗಿದ್ದಾಳೆ. ಪಡಸಾಲೆಯ ಬಿಸಿಲಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಮರಿ ತೊಡೆಯ ಮೇಲಿದೆ. ಬಲಗೈಯಲ್ಲಿ ಪೆನ್ನು, ಎಡಗೈ ಅದರ ಬೆನ್ನ ಮೇಲೆ. ಗಿರಣಿಯ ಮನೆಯಲ್ಲಿ ಹುಟ್ಟಿದ್ದಲ್ಲವೇ, ಒಳಗೊಂದು ಸಣ್ಣ ಗಿರಣಿ ಇಟ್ಟುಕೊಂಡೇ ಬಂದಿದೆ. ನನ್ನ ಅಂಗೈಗೆ ಚೆನ್ನಾಗಿ ಕೇಳಿಸುತ್ತದೆ.

ಆವತ್ತು ಶುರುವಾದ ಸೋಮವಾರದ ಭಜನೆ ನಿಲ್ಲಿಸಬೇಡ. ಪೇಟಿಯ ಎಡಬದಿಯಲ್ಲಿ ಯಾರನ್ನೂ ಕೂರಿಸಬೇಡ, ಅದು ನನ್ನ ಜಾಗ. ಬಸ್ಸಿನ ಹೊತ್ತು ನನಗೆ ಗೊತ್ತಾಯಿತು.

ನಿನ್ನ ಅಕ್ಕ
ಗೀತಮ್ಮ